14 ಪುಟ ಬರೆದರೂ ಮಾರ್ಕ್ಸ್ ಬರಲಿಲ್ಲ ಯಾಕೆ?

ಪ್ರಶ್ನೆ: ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಸಾಮೂಹಿಕ ಅಳಿವುಗಳ ಬಗ್ಗೆ ಒಂದು ಸೆಮಿನಾರ್ ಕೋರ್ಸ್ ಇದೆ. ಇದಕ್ಕೆ ಪರೀಕ್ಷೆ ಇಲ್ಲ. ವಾರಕ್ಕೊಂದು ಸಂಶೋಧನಾ ಪೇಪರ್ ಓದಿ ಒಂದು ಪುಟದ ಟಿಪ್ಪಣಿ ಬರೆಯಬೇಕು, ಒಮ್ಮೆ ಪ್ರೆಸೆಂಟೇಶನ್ ಮಾಡಬೇಕು, ಕೊನೆಗೆ ಟರ್ಮ್ ಪೇಪರ್ ಕೊಡಬೇಕು. ಚರ್ಚೆಯಲ್ಲಿ ಭಾಗವಹಿಸಿದ್ದಕ್ಕೂ ಮಾರ್ಕ್ಸ್ ಇದೆ. ಡೈನೋಸಾರ್‌ಗಳ ಅಳಿವಿಗೆ ಕ್ಷುದ್ರಗ್ರಹ ಕಾರಣವೋ ಡೆಕ್ಕನ್ (ದಖನ್ ಪ್ರಸ್ಥಭೂಮಿಯ) ಜ್ವಾಲಾಮುಖಿ ಕಾರಣವೋ ಎಂಬ ವಿಷಯದ ಮೇಲೆ ಟರ್ಮ್ ಪೇಪರಿನ ಕರಡು ಕೊಟ್ಟೆ. 14 ಪುಟ, 31 ಆಕರಗಳು. ಒಂದೇ ಒಂದು ತಪ್ಪು ಮಾಹಿತಿ ಇಲ್ಲ. ಬಂದದ್ದು 100ಕ್ಕೆ 57. ‘ಸಾರಾಂಶ ಚೆನ್ನಾಗಿದೆ, ನಿಮ್ಮ ವಾದ ಎಲ್ಲಿ?’ ಎಂದಷ್ಟೇ ಬರೆದಿದ್ದಾರೆ. ನನ್ನ ಗೆಳತಿ ಬರೆದದ್ದು 7 ಪುಟ, ಅವಳಿಗೆ 78. ಮೇಷ್ಟ್ರು ಕ್ಷುದ್ರಗ್ರಹದ ಪಕ್ಷದವರು. ನಾನು ಜ್ವಾಲಾಮುಖಿಗೂ ಸಮಪಾಲು ಕೊಟ್ಟಿದ್ದಕ್ಕೆ ಕಡಿಮೆ ಹಾಕಿದರಾ? ವಿದ್ಯಾರ್ಥಿಯಾದ ನನಗೆ ಎಲ್ಲಿಂದ ಬರಬೇಕು ಸ್ವಂತ ವಾದ? ಕ್ಲಾಸಿನಲ್ಲಿ ಮಾತಾಡಲೂ ನನಗೆ ಹಿಂಜರಿಕೆ. ಮೂರು ವಾರದಲ್ಲಿ ಪ್ರೆಸೆಂಟೇಶನ್, ಆರು ವಾರದಲ್ಲಿ ಅಂತಿಮ ಪೇಪರ್. ಮರುಮೌಲ್ಯಮಾಪನ ಕೇಳಲಾ, ವಿಷಯ ಬದಲಿಸಲಾ, ಏನು ಮಾಡಲಿ? ಕರಡಿನ ಒಂದು ಪ್ಯಾರಾ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಒಳಗಿನ ದೂರು ಒಂದೇ. ‘ಕಷ್ಟಪಟ್ಟೆ, ತಪ್ಪು ಮಾಡಲಿಲ್ಲ, ಆದರೂ ಮಾರ್ಕ್ಸ್ ಬರಲಿಲ್ಲ.’ ಭೂವಿಜ್ಞಾನದ ಸೆಮಿನಾರ್ ನಡೆಸುವ ನನ್ನಂಥವರ ಕೋಣೆಗೆ ಪ್ರತಿ ಸೆಮಿಸ್ಟರ್ ಇದೇ ದೂರು ಹಿಡಿದು ಯಾರಾದರೂ ಬಂದೇ ಬರುತ್ತಾರೆ. ಬರುವವರು ಸೋಮಾರಿಗಳಲ್ಲ. ಸಾಮಾನ್ಯವಾಗಿ ಕ್ಲಾಸಿನಲ್ಲಿ ಅತಿ ಹೆಚ್ಚು ಓದಿದವರೇ ಬರುತ್ತಾರೆ.

ಕಾರಣ ದೊಡ್ಡ ರಹಸ್ಯವೇನಲ್ಲ. ಬಿ.ಎಸ್ಸಿ. ಮುಗಿಯುವ ತನಕ ನಿಮಗೆ ಸಿಕ್ಕ ಅಸೈನ್‌ಮೆಂಟುಗಳಿಗೆಲ್ಲ ಸರಿ ಉತ್ತರ ಅಂತ ಒಂದಿತ್ತು. ಖನಿಜ ಗುರುತಿಸುವ ಪ್ರಾಕ್ಟಿಕಲ್‌ನಲ್ಲಿ ಕೈಗೆ ಕೊಟ್ಟದ್ದು ಕ್ಯಾಲ್ಸೈಟೋ ಕ್ವಾರ್ಟ್ಜೋ, ಎರಡರಲ್ಲಿ ಒಂದು. ಆಸಿಡ್ ಹನಿ ಹಾಕಿದರೆ ನೊರೆ ಬರುತ್ತದೆ ಅಥವಾ ಬರುವುದಿಲ್ಲ. ಥಿಯರಿ ಪೇಪರಿನಲ್ಲೂ ಅಷ್ಟೇ. ಪುಸ್ತಕದಲ್ಲಿ ಇದ್ದದ್ದನ್ನು ಪೂರ್ತಿಯಾಗಿ, ಕ್ರಮವಾಗಿ ಬರೆದವರಿಗೆ ಜಾಸ್ತಿ ಮಾರ್ಕ್ಸ್. ಸೆಮಿನಾರಿಗೆ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ, ಆದರೆ ಬದಲಾಯಿತು ಅಂತ ಯಾರೂ ಹೇಳುವುದಿಲ್ಲ. ಮೌಲ್ಯಮಾಪನದ ಪಟ್ಟಿಯಲ್ಲಿ ‘ವಿಮರ್ಶಾತ್ಮಕ ವಿಶ್ಲೇಷಣೆ’ ಅಂತ ಒಂದು ಸಾಲು ಹಾಕಿ ಸುಮ್ಮನಾಗುತ್ತಾರೆ. ಅದರ ಅರ್ಥ ಏನು, ಪುಟದ ಮೇಲೆ ಅದು ಹೇಗೆ ಕಾಣುತ್ತದೆ ಎಂದು ತೋರಿಸುವವರು ಕಡಿಮೆ. ಈ ತಪ್ಪು ಕಲಿಸುವವರದ್ದೇ. ಹಾಗಾಗಿ 57 ನೋಡಿ ನಿಮ್ಮ ಬುದ್ಧಿಯ ಮೇಲೆ ಅನುಮಾನ ಪಡಬೇಡಿ.

ಪುಟದ ಲೆಕ್ಕವನ್ನು ಬೇಗ ಮುಗಿಸಿಬಿಡೋಣ. ಉದ್ದಕ್ಕೆ ಮಾರ್ಕ್ಸ್ ಇಲ್ಲ. ಆಕರಗಳ ಸಂಖ್ಯೆಗೂ ಇಲ್ಲ. 31 ಆಕರ ನೋಡಿದಾಗ ನನಗೆ ಮೊದಲು ಬರುವ ಪ್ರಶ್ನೆ, ಇವುಗಳಲ್ಲಿ ಎಷ್ಟನ್ನು ಕೊನೆಯ ತನಕ ಓದಿದ್ದಾರೆ, ಎಷ್ಟರ ಮುನ್ನುಡಿ ಪ್ಯಾರಾ ಮಾತ್ರ ನೋಡಿದ್ದಾರೆ ಎಂದು. ಓದುವ ಮೇಷ್ಟ್ರಿಗೆ ಇದು ಎರಡೇ ಪುಟದಲ್ಲಿ ಗೊತ್ತಾಗುತ್ತದೆ. ‘ವಿಧಾನ’ ವಿಭಾಗದಿಂದ ಒಂದು ವಾಕ್ಯವನ್ನೂ ಎತ್ತಿಕೊಂಡಿಲ್ಲ ಎಂದರೆ ಪೇಪರಿನ ಒಳಗೆ ಹೋಗಿಲ್ಲ ಎಂದೇ ಅರ್ಥ. ನಿಮ್ಮ ಗೆಳತಿಯ 7 ಪುಟವನ್ನು ನಾನು ನೋಡಿಲ್ಲ, ಅದರ ಬಗ್ಗೆ ತೀರ್ಪು ಕೊಡಲು ಹೋಗುವುದಿಲ್ಲ. ಆದರೆ ಒಂದೇ ಪ್ರಶ್ನೆ ಹಿಡಿದು ಏಳು ಪುಟ ಬರೆದವರು ಎಲ್ಲದರ ಬಗ್ಗೆ 14 ಪುಟ ಬರೆದವರನ್ನು ಹಿಂದೆ ಹಾಕುವುದು ಈ ಕೋರ್ಸುಗಳಲ್ಲಿ ದಿನನಿತ್ಯದ ವಿಷಯ.

ಈಗ ನೀವು ಕಳಿಸಿದ ಪ್ಯಾರಾಕ್ಕೆ ಬರುತ್ತೇನೆ. ನಿಜವಾದ ವಿಷಯ ಇರುವುದು ಅಲ್ಲಿ.

ನೀವು ಬರೆದದ್ದು ಹೀಗಿದೆ: ‘ಡೆಕ್ಕನ್ ಜ್ವಾಲಾಮುಖಿಯ ಬಗ್ಗೆ 2019ರಲ್ಲಿ ಎರಡು ಮುಖ್ಯ ಅಧ್ಯಯನಗಳು ಪ್ರಕಟವಾದವು. ಒಂದು ತಂಡದ ಪ್ರಕಾರ ಲಾವಾ ನಾಲ್ಕು ದೊಡ್ಡ ಕಂತುಗಳಲ್ಲಿ ಹೊರಬಂತು. ಇನ್ನೊಂದು ತಂಡದ ಪ್ರಕಾರ ಲಾವಾದ ಸುಮಾರು ಶೇ. 75 ಅಳಿವಿನ ನಂತರ ಬಂತು. ಹೀಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಒಟ್ಟಿನಲ್ಲಿ ಕ್ಷುದ್ರಗ್ರಹ ಮತ್ತು ಜ್ವಾಲಾಮುಖಿ ಎರಡೂ ಅಳಿವಿಗೆ ಕಾರಣ ಎನ್ನಬಹುದು.’

ಮಾಹಿತಿಯಲ್ಲಿ ತಪ್ಪಿಲ್ಲ, ನಿಜ. ಆ ಎರಡು ಪೇಪರುಗಳು ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ, ಒಂದರ ಬೆನ್ನಿಗೊಂದು ಬಂದಿದ್ದವು. ತೊಂದರೆ ಇರುವುದು ಕೊನೆಯ ವಾಕ್ಯದಲ್ಲಿ. ಲಾವಾದ ಮುಕ್ಕಾಲು ಪಾಲು ಅಳಿವಿನ ನಂತರ ಬಂದಿದ್ದರೆ, ಆ ಮುಕ್ಕಾಲು ಪಾಲು ಅಳಿವಿಗೆ ಕಾರಣ ಆಗಲು ಹೇಗೆ ಸಾಧ್ಯ? ನೀವೇ ಕೊಟ್ಟ ಸಾಕ್ಷ್ಯ ನಿಮ್ಮ ತೀರ್ಮಾನದ ವಿರುದ್ಧ ನಿಂತಿದೆ. ಅದನ್ನು ನೀವು ಗಮನಿಸಿಯೇ ಇಲ್ಲ. ‘ಒಟ್ಟಿನಲ್ಲಿ’ ಎಂಬ ಪದ ಹಾಕಿ ಹಾರಿಬಿಟ್ಟಿದ್ದೀರಿ. ನಿಮ್ಮ ಮೇಷ್ಟ್ರ ಕೆಂಪು ಗುರುತು ಬಿದ್ದದ್ದು ಇಂಥ ಕಡೆಯೇ ಇರಬೇಕು. ಜ್ವಾಲಾಮುಖಿಗೆ ಪಾಲು ಕೊಟ್ಟದ್ದು ತಪ್ಪಲ್ಲ. ಯಾವ ಲೆಕ್ಕದಲ್ಲಿ ಕೊಟ್ಟಿರಿ ಎಂದು ಹೇಳದೇ ಇದ್ದದ್ದು ತಪ್ಪು.

‘ಒಮ್ಮತವಿಲ್ಲ’ ಎಂಬ ಮಾತು ಇನ್ನೂ ದೊಡ್ಡ ತೊಡಕು. ಒಮ್ಮತ ಇಲ್ಲ ಎಂದು ಬರೆದ ಕೂಡಲೇ ಓದುಗ ಕೇಳುವುದು ‘ಯಾಕಿಲ್ಲ?’ ಅಂತ. ಅಲ್ಲಿ ನಿಲ್ಲಿಸಿದರೆ ಸಾರಾಂಶ. ಅಲ್ಲಿಂದ ಮುಂದಕ್ಕೆ ಹೋದರೆ ಅದೇ ನಿಮ್ಮ ವಾದ. ಈ ಎರಡು ಪೇಪರುಗಳ ವಿಷಯದಲ್ಲಿ ಮುಂದಕ್ಕೆ ಹೋಗಲು ದಾರಿ ಸಲೀಸಾಗಿಯೇ ಇದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ತಂಡ ಅಳೆದದ್ದು ಜಿರ್ಕಾನ್ ಎಂಬ ಖನಿಜದ ಹರಳುಗಳಲ್ಲಿನ ಯುರೇನಿಯಂ ಮತ್ತು ಸೀಸವನ್ನು. ಯುರೇನಿಯಂ ಕಾಲಕ್ರಮೇಣ ಸೀಸವಾಗುತ್ತದೆ, ಅದರಿಂದ ವಯಸ್ಸು ಸಿಗುತ್ತದೆ. ಬಸಾಲ್ಟ್ ಲಾವಾದಲ್ಲಿ ಜಿರ್ಕಾನ್ ಸಿಗುವುದೇ ಅಪರೂಪ. ಹಾಗಾಗಿ ಅವರು ಮುಖ್ಯವಾಗಿ ಹುಡುಕಿದ್ದು ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವೆ ಇರುವ ಕೆಂಪು ಮಣ್ಣಿನಂಥ ಪದರಗಳಲ್ಲಿ, ಅಲ್ಲಿ ಬಿದ್ದ ಬೂದಿಯ ಜೊತೆ ಬಂದ ಜಿರ್ಕಾನ್‌ಗಳನ್ನು. ಈ ವಿಧಾನದ ಬಲ ಎಂದರೆ ನಿಖರತೆ. 6.6 ಕೋಟಿ ವರ್ಷದ ಹಿಂದಿನ ಘಟನೆಯ ಕಾಲವನ್ನು ಹತ್ತಾರು ಸಾವಿರ ವರ್ಷದ ದೋಷಮಿತಿಯಲ್ಲಿ ಹೇಳಬಹುದು. ಆದರೆ ಜಿರ್ಕಾನ್ ಹರಳುಗಟ್ಟುವುದು ಶಿಲಾಪಾಕದ ಒಳಗೆ, ಸ್ಫೋಟಕ್ಕೆ ಮೊದಲೇ. ಬೂದಿಯಾಗಿ ಬೀಳುವ ಹೊತ್ತಿಗೆ ಅದಕ್ಕೆ ಆಗಲೇ ಎಷ್ಟೋ ವಯಸ್ಸಾಗಿರಬಹುದು. ಯಾವುದೋ ಹಳೆಯ ಶಿಲೆಯ ಹರಳು ನಡುವೆ ಸೇರಿಕೊಂಡಿರಲೂಬಹುದು.

ಇನ್ನೊಂದು ತಂಡ ಆರ್ಗಾನ್-ಆರ್ಗಾನ್ ವಿಧಾನ ಬಳಸಿತು. ಲಾವಾದೊಳಗಿನ ಪ್ಲೇಜಿಯೊಕ್ಲೇಸ್ ಖನಿಜವನ್ನೇ ಅಳೆಯಿತು. ನೇರವಾಗಿ ಲಾವಾದ ವಯಸ್ಸೇ ಸಿಗುತ್ತದೆ, ಅದು ಇದರ ಬಲ. ಆದರೆ ಈ ಪ್ಲೇಜಿಯೊಕ್ಲೇಸ್‌ನಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ. ಪೊಟ್ಯಾಸಿಯಂ ಕಡಿಮೆ ಎಂದರೆ ಅದರಿಂದ ಹುಟ್ಟುವ ಆರ್ಗಾನ್ ಕೂಡ ಕಡಿಮೆ, ಅಳತೆಯ ದೋಷಮಿತಿ ಜಾಸ್ತಿ. ಇನ್ನೊಂದು ವಿಷಯ. ಲಾವಾ ರಾಶಿಯ ಯಾವ ಮಟ್ಟದಲ್ಲಿ ಅಳಿವಿನ ಗಡಿ ಬೀಳುತ್ತದೆ ಎನ್ನುವುದರ ಮೇಲೆ ‘ಮೊದಲು ಎಷ್ಟು, ನಂತರ ಎಷ್ಟು’ ಎಂಬ ಲೆಕ್ಕ ನಿಂತಿದೆ. ಆ ಗಡಿಯ ಗೆರೆ ಲಾವಾದ ಮೇಲೆ ಬರೆದಿರುವುದಿಲ್ಲ. ಅದನ್ನು ದಿನಾಂಕಗಳಿಂದಲೇ ಹುಡುಕಬೇಕು. ಗೆರೆ ಸ್ವಲ್ಪ ಮೇಲೆ ಸರಿದರೂ ಶೇಕಡಾವಾರು ಬದಲಾಗುತ್ತದೆ.

ಇಷ್ಟು ತಿಳಿದುಕೊಂಡು ಅದೇ ಪ್ಯಾರಾ ಬರೆದರೆ ಹೀಗಾಗಬಹುದು: ‘ಎರಡೂ ತಂಡಗಳು ಒಪ್ಪುವ ಸಂಗತಿಗಳು ಎರಡು: ಲಾವಾದ ಬಹುಪಾಲು ಸುಮಾರು 10 ಲಕ್ಷ ವರ್ಷದೊಳಗೆ ಹೊರಬಂತು, ಅಳಿವು ಆ ಅವಧಿಯ ನಡುವೆ ಬೀಳುತ್ತದೆ. ಭಿನ್ನಾಭಿಪ್ರಾಯ ಇರುವುದು ಹರಿವಿನ ವೇಗದ ಬಗ್ಗೆ. ಅಳಿವಿಗೆ ಹತ್ತಾರು ಸಾವಿರ ವರ್ಷ ಮೊದಲು ಒಂದು ದೊಡ್ಡ ಕಂತು ಶುರುವಾಯಿತು ಎಂಬುದು ಜಿರ್ಕಾನ್ ದಿನಾಂಕಗಳಿಂದ ಬಂದ ತೀರ್ಮಾನ. ಪ್ಲೇಜಿಯೊಕ್ಲೇಸ್ ದಿನಾಂಕಗಳ ದೋಷಮಿತಿ ಇದಕ್ಕಿಂತ ದೊಡ್ಡದಾದ್ದರಿಂದ, ಅಷ್ಟು ಚಿಕ್ಕ ಅವಧಿಯ ಕಂತು ಇತ್ತು ಎಂದಾಗಲಿ ಇರಲಿಲ್ಲ ಎಂದಾಗಲಿ ಅವು ಖಚಿತವಾಗಿ ಹೇಳಲಾರವು. ಆದ್ದರಿಂದ ಈ ಎರಡು ಅಧ್ಯಯನಗಳ ಮಟ್ಟಿಗೆ, ಅಳಿವಿಗೆ ಮುಂಚಿನ ಕಂತನ್ನು ಕಾರಣ ಎನ್ನುವ ವಾದ ಒಂದೇ ವಿಧಾನವನ್ನು ನೆಚ್ಚಿಕೊಂಡಿದೆ.’

ಇದು ಜಗತ್ತಿಗೆ ಹೊಸ ವಿಷಯವೇನಲ್ಲ. ಯಾವ ಪತ್ರಿಕೆಯೂ ಇದನ್ನು ಪ್ರಕಟಿಸುವುದಿಲ್ಲ. ನಾಳೆ ಕ್ಲಾಸಿನಲ್ಲಿ ಯಾರಾದರೂ ಎದ್ದು ‘ಇಲ್ಲ, ಪ್ಲೇಜಿಯೊಕ್ಲೇಸ್ ದಿನಾಂಕಗಳನ್ನು ಒಟ್ಟುಗೂಡಿಸಿದರೆ ದೋಷಮಿತಿ ಇಳಿಯುತ್ತದೆ, ನೀವು ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ’ ಎನ್ನಬಹುದು. ಅನ್ನಲಿ. ಅನ್ನಲು ಏನಾದರೂ ಸಿಕ್ಕಿತಲ್ಲ, ಅದೇ ಬೇಕಾದದ್ದು. ನಿಮ್ಮ ಹಳೆಯ ಪ್ಯಾರಾವನ್ನು ಯಾರೂ ಒಪ್ಪದೇ ಇರಲು ಸಾಧ್ಯವೇ ಇರಲಿಲ್ಲ. ಯಾಕೆಂದರೆ ಅದರಲ್ಲಿ ನೀವು ಏನನ್ನೂ ಪಣಕ್ಕಿಟ್ಟಿರಲಿಲ್ಲ. ‘ಸ್ವಂತ ವಾದ ಎಲ್ಲಿಂದ ತರಲಿ’ ಎಂದು ಕೇಳಿದ್ದೀರಿ. ಸ್ವಂತ ದತ್ತಾಂಶ ಬೇಕಿಲ್ಲ, ಸ್ವಂತ ಸಿದ್ಧಾಂತವಂತೂ ಬೇಡವೇ ಬೇಡ. ಈ ಸಾಕ್ಷ್ಯ ಈ ತೀರ್ಮಾನದ ಭಾರ ಹೊರುತ್ತದೋ ಇಲ್ಲವೋ, ಎಲ್ಲಿಯ ತನಕ ಹೊರುತ್ತದೆ, ಅಷ್ಟು ಹೇಳಿದರೆ ಸಾಕು.

ಹಾಗೆ ಹೇಳಬೇಕಾದರೆ ಪ್ರಶ್ನೆ ಚಿಕ್ಕದಾಗಬೇಕು. ‘ಕ್ಷುದ್ರಗ್ರಹವೋ ಜ್ವಾಲಾಮುಖಿಯೋ’ ಎನ್ನುವುದು ಟರ್ಮ್ ಪೇಪರಿನ ಪ್ರಶ್ನೆ ಅಲ್ಲ, ಇಡೀ ಸೆಮಿಸ್ಟರಿನ ಪ್ರಶ್ನೆ. ಅದನ್ನು ಹಿಡಿದವರು ಸಾರಾಂಶಕ್ಕೆ ಜಾರಲೇಬೇಕು, ಬೇರೆ ದಾರಿ ಇಲ್ಲ. ನಿಮ್ಮ ಓದಿನಿಂದಲೇ ಹುಟ್ಟುವ ಚಿಕ್ಕ ಪ್ರಶ್ನೆಗಳನ್ನು ನೋಡಿ. ಆ ಆರ್ಗಾನ್ ತಂಡವೇ ಒಂದು ವಿಚಿತ್ರ ಗಮನಿಸಿದೆ. ಕ್ರಿಟೇಶಿಯಸ್ ಯುಗದ ಕೊನೆಯ ಹವಾಮಾನ ಬದಲಾವಣೆಗಳು ಡೆಕ್ಕನ್‌ನ ಅತಿ ಚಿಕ್ಕ ಹಂತಗಳ ಕಾಲಕ್ಕೆ ಹೊಂದುತ್ತವೆ, ದೊಡ್ಡ ಹಂತಗಳಿಗಲ್ಲ. ಹಾಗಾದರೆ ಹೊರಬಂದ ಲಾವಾದ ಪ್ರಮಾಣ ನೋಡಿ ಹೊರಬಂದ ಅನಿಲದ ಪ್ರಮಾಣ ಹೇಳಬಹುದಾ? ಇದು ಪಕ್ಕಾ ಟರ್ಮ್ ಪೇಪರಿನ ಪ್ರಶ್ನೆ. ಲಾವಾ ಮೇಲೆ ಬರುವ ಮೊದಲೇ ಅನಿಲ ಹೊರಟುಹೋಗಿರಬಹುದು, ಲಾವಾ ಎಷ್ಟು ಎನ್ನುವುದಕ್ಕಿಂತ ಎಷ್ಟು ಬೇಗ ಬಂತು ಎನ್ನುವುದು ಮುಖ್ಯ ಇರಬಹುದು. ಎರಡು ಕಡೆಗೂ ಹೇಳಲು ವಿಷಯ ಇದೆ. ಐದಾರು ಪೇಪರುಗಳನ್ನು ಸರಿಯಾಗಿ ಓದಿದರೆ ನಿಭಾಯಿಸಬಹುದು.

ಪಳೆಯುಳಿಕೆಗಳ ಕಡೆ ಒಲವಿದ್ದರೆ ಸಿಗ್ನರ್-ಲಿಪ್ಸ್ ಪರಿಣಾಮ ಇದೆ. 1982ರಲ್ಲಿ ಫಿಲಿಪ್ ಸಿಗ್ನರ್ ಮತ್ತು ಜೆರ್ ಲಿಪ್ಸ್ ತೋರಿಸಿದ್ದು ಸರಳ ವಿಷಯ: ಒಂದು ಪ್ರಭೇದದ ನಮಗೆ ಸಿಕ್ಕ ಕೊನೆಯ ಪಳೆಯುಳಿಕೆ ಆ ಪ್ರಭೇದದ ಕೊನೆಯ ಜೀವಿಯದ್ದಲ್ಲ. ಅಪರೂಪದ ಜೀವಿಯಾದರೆ ಇವೆರಡರ ನಡುವಿನ ಅಂತರ ಇನ್ನೂ ಜಾಸ್ತಿ. ಹಾಗಾಗಿ ಒಂದೇ ದಿನ ಸತ್ತರೂ ಬಂಡೆಯಲ್ಲಿ ನೋಡಿದಾಗ ಒಂದೊಂದಾಗಿ, ನಿಧಾನವಾಗಿ ಕಣ್ಮರೆಯಾದಂತೆ ಕಾಣುತ್ತದೆ. ‘ಡೈನೋಸಾರ್‌ಗಳು ಮೊದಲೇ ಕ್ಷೀಣಿಸುತ್ತಿದ್ದವು’ ಎನ್ನುವ ಒಂದು ಪೇಪರ್ ತೆಗೆದುಕೊಂಡು, ಅದರ ಮಾದರಿ ಸಂಖ್ಯೆ ಈ ಪರಿಣಾಮವನ್ನು ದಾಟುವಷ್ಟು ಇದೆಯಾ ಎಂದು ಕೇಳಿದರೂ ಸಾಕು, ಒಳ್ಳೆಯ ಏಳೆಂಟು ಪುಟ ಆಗುತ್ತದೆ.

ಇನ್ನು ಮೇಷ್ಟ್ರ ಪಕ್ಷಪಾತದ ಅನುಮಾನ. ಅವರಿಗೆ ಒಲವು ಇಲ್ಲ ಎಂದು ನಾನು ಹೇಳುವುದಿಲ್ಲ. ಈ ವಿಷಯದಲ್ಲಿ ಒಲವಿಲ್ಲದ ಭೂವಿಜ್ಞಾನಿ ಸಿಗುವುದೇ ಕಷ್ಟ. ಕೆಲವರು ದಶಕಗಟ್ಟಲೆ ಪರಸ್ಪರ ಜಗಳ ಆಡಿದ್ದಾರೆ. ಆದರೆ ಒಲವಿರುವ ಮೇಷ್ಟ್ರಿಗೆ ತಮ್ಮ ಮಾತನ್ನೇ ಒಪ್ಪಿಸುವ ವಿದ್ಯಾರ್ಥಿಗಿಂತ, ತಮ್ಮ ಸಿದ್ಧಾಂತದ ದುರ್ಬಲ ಜಾಗಕ್ಕೆ ಸರಿಯಾಗಿ ಬೆರಳಿಡುವ ವಿದ್ಯಾರ್ಥಿ ಹೆಚ್ಚು ಇಷ್ಟವಾಗುತ್ತಾರೆ. ಅಪವಾದಗಳು ಇದ್ದೇ ಇವೆ. ಒಂದು ಪರೀಕ್ಷೆ ಮಾಡಿ. ಅವರ ಟಿಪ್ಪಣಿ ನಿಮ್ಮ ತೀರ್ಮಾನದ ಬಗ್ಗೆ ಇದೆಯೋ, ನೀವು ಅಲ್ಲಿಗೆ ತಲುಪಿದ ದಾರಿಯ ಬಗ್ಗೆ ಇದೆಯೋ ನೋಡಿ. ‘ಜ್ವಾಲಾಮುಖಿ ಸಿದ್ಧಾಂತ ತಪ್ಪು’ ಎಂದು ಬರೆದಿದ್ದರೆ ಅನುಮಾನಕ್ಕೆ ಅರ್ಥ ಇತ್ತು. ‘ನಿಮ್ಮ ವಾದ ಎಲ್ಲಿ’ ಎಂಬುದು ದಾರಿಯ ಬಗ್ಗೆ ಕೇಳಿದ ಪ್ರಶ್ನೆ. ಅದರಲ್ಲಿ ಪಕ್ಷ ಕಾಣುವುದಿಲ್ಲ.

ಇದರ ಬೆನ್ನಿಗೇ ಬರುವ ಇನ್ನೊಂದು ತಪ್ಪು ಕಲ್ಪನೆ, ವಿಮರ್ಶೆ ಎಂದರೆ ಪೇಪರಿನಲ್ಲಿ ಹುಳುಕು ಹುಡುಕುವುದು ಅಂತ. ‘ಲೇಖಕರು ಇನ್ನಷ್ಟು ಮಾದರಿ ತೆಗೆದುಕೊಳ್ಳಬೇಕಿತ್ತು’ ಎಂದು ಯಾವ ಪೇಪರಿಗೆ ಬೇಕಾದರೂ ಬರೆಯಬಹುದು. ಅಂಥ ವಾಕ್ಯಕ್ಕೆ ನಾನು ಮಾರ್ಕ್ಸ್ ಕೊಡುವುದಿಲ್ಲ. ಯಾವ ಜಾಗದಿಂದ ಮಾದರಿ ಬಂದಿದ್ದರೆ ಯಾವ ತೀರ್ಮಾನ ಬದಲಾಗುತ್ತಿತ್ತು ಎಂದು ಹೇಳಿದರೆ ಕೊಡುತ್ತೇನೆ.

ವಾರದ ಟಿಪ್ಪಣಿಗಳಿಗೆ ನಾನು ವಿದ್ಯಾರ್ಥಿಗಳಿಗೆ ಹೇಳುವ ಉಪಾಯ ಒಂದೇ. ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಅವರು ಅಳೆದದ್ದು, ಬಲಕ್ಕೆ ಅವರು ಊಹಿಸಿದ್ದು. 1980ರ ಹೆಸರಾಂತ ಪೇಪರನ್ನೇ ತೆಗೆದುಕೊಳ್ಳಿ. ಲೂಯಿಸ್ ಅಲ್ವಾರೆಜ್, ಅವರ ಮಗ ವಾಲ್ಟರ್ ಅಲ್ವಾರೆಜ್, ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮಿಶೆಲ್ ಬರೆದದ್ದು. ಎಡಗಡೆ ಏನು ಬರುತ್ತದೆ? ಇಟಲಿಯ ಗುಬ್ಬಿಯೊದಲ್ಲಿ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಜೇಡಿಪದರದಲ್ಲಿ ಇರಿಡಿಯಂ (ಭೂಮಿಯ ಹೊರಪದರದಲ್ಲಿ ಅಪರೂಪ, ಕ್ಷುದ್ರಗ್ರಹಗಳಲ್ಲಿ ಹೆಚ್ಚು ಇರುವ ಲೋಹ) ಸುತ್ತಲಿನ ಮಟ್ಟಕ್ಕಿಂತ ಸುಮಾರು 30 ಪಟ್ಟು ಜಾಸ್ತಿ, ಡೆನ್ಮಾರ್ಕ್‌ನಲ್ಲಿ ಸುಮಾರು 160 ಪಟ್ಟು. ಬಲಗಡೆ? ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಅಪ್ಪಳಿಸಿತು, ಎದ್ದ ದೂಳು ಬಿಸಿಲನ್ನು ತಡೆಯಿತು, ಆಹಾರ ಸರಪಳಿ ಮುರಿಯಿತು. ಎಡಕ್ಕೂ ಬಲಕ್ಕೂ ನಡುವೆ ಎಷ್ಟು ದೊಡ್ಡ ಜಿಗಿತ ಇದೆ ನೋಡಿ. ಆಗ ಕುಳಿ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಮೆಕ್ಸಿಕೊದ ಚಿಕ್ಸುಲುಬ್ ಕುಳಿಯೇ ಅದು ಎಂಬ ಪೇಪರ್ ಬಂದದ್ದು 1991ರಲ್ಲಿ. ನಡುವೆ 1983ರಲ್ಲಿ ಹವಾಯಿಯ ಕಿಲಾವೆಯ ಜ್ವಾಲಾಮುಖಿ ಉಗುಳಿದ ಕಣಗಳಲ್ಲೂ ಇರಿಡಿಯಂ ಸಿಕ್ಕಿತು. ಅಂದರೆ ಇರಿಡಿಯಂ ಒಂದರಿಂದಲೇ ಕ್ಷುದ್ರಗ್ರಹ ಎಂದು ಹೇಳುವಂತಿರಲಿಲ್ಲ. ಆಘಾತದ ಗೆರೆಗಳಿರುವ ಕ್ವಾರ್ಟ್ಜ್ ಸಿಕ್ಕ ಮೇಲೆ ವಾದದ ಬಲ ಬದಲಾಯಿತು. ಅಂಥ ಗೆರೆ ಮೂಡಲು ಬೇಕಾದ ಒತ್ತಡ ಸಾಮಾನ್ಯ ಜ್ವಾಲಾಮುಖಿಯಲ್ಲಿ ಹುಟ್ಟುವುದಿಲ್ಲ.

ಎರಡು ಕಾಲಂ ತುಂಬಿದ ಮೇಲೆ ನಡುವಿನ ಜಿಗಿತಗಳಲ್ಲಿ ಅತಿ ದೊಡ್ಡದು ಯಾವುದು ಎಂದು ಒಂದು ಪ್ಯಾರಾ ಬರೆಯಿರಿ. ವಾರದ ಟಿಪ್ಪಣಿಗೆ ಅಷ್ಟು ಸಾಕು. ಪೇಪರಿನ ಸಾರಾಂಶ ನಾಲ್ಕು ಸಾಲು ದಾಟುವುದು ಬೇಡ. ಮೇಷ್ಟ್ರು ಅದನ್ನು ಓದಿಯೇ ಬಂದಿರುತ್ತಾರೆ.

ಚರ್ಚೆಯ ಮಾರ್ಕ್ಸ್ ಬಗ್ಗೆಯೂ ಇದೇ ಹಾಳೆ ಕೆಲಸಕ್ಕೆ ಬರುತ್ತದೆ. ಹಿಂಜರಿಕೆ ಇರುವವರಿಗೆ ಕಷ್ಟ ಆಗುವುದು ಮಾತಾಡಲು ಅಲ್ಲ, ಮಾತಿನ ನಡುವೆ ನುಗ್ಗಲು. ಮೊದಲ ಹತ್ತು ನಿಮಿಷದಲ್ಲಿ, ಇನ್ನೂ ಚರ್ಚೆ ಕಾವೇರುವ ಮೊದಲು, ಬರೆದಿಟ್ಟುಕೊಂಡ ಒಂದು ಪ್ರಶ್ನೆ ಕೇಳಿಬಿಡಿ. ‘ಚಿತ್ರ 3ರಲ್ಲಿ ದೋಷಮಿತಿ ಯಾವ ಮಟ್ಟದ್ದು, ಒಂದು ಸಿಗ್ಮಾನೋ ಎರಡೋ?’ (ಸಿಗ್ಮಾ ಎಂದರೆ ದೋಷಮಿತಿಯನ್ನು ಹೇಳುವ ಅಳತೆ) ಎಂಬಂಥ ಸಣ್ಣ ಪ್ರಶ್ನೆ ಆದರೂ ಆಯಿತು. ಸಣ್ಣದು ಎನಿಸಿದರೂ ಕ್ಲಾಸಿನ ಅರ್ಧ ಜನಕ್ಕೆ ಅದು ಗೊತ್ತಿರುವುದಿಲ್ಲ. ಒಂದು ಗಂಟೆ ಮಾತಾಡಿದವರಿಗೆ ಪೂರ್ತಿ ಮಾರ್ಕ್ಸ್ ಎಂದು ಎಲ್ಲೂ ಇಲ್ಲ. ಕೆಲವರು ಮಾತಾಡಿದಷ್ಟೂ ಪೇಪರ್ ಓದಿಲ್ಲ ಎಂಬುದು ಬಯಲಾಗುತ್ತದೆ. ಅದು ಬೇರೆ ಮಾತು. ಬಾಯಿ ಬಿಡುವುದು ನಿಜವಾಗಿಯೂ ಆಗದ ಮಾತು ಎಂದಾದರೆ ಈಗಲೇ ಮೇಷ್ಟ್ರಿಗೆ ಹೇಳಿ. ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸುವುದನ್ನು ಒಪ್ಪುವವರು ಇದ್ದಾರೆ. ಸೆಮಿಸ್ಟರ್ ಮುಗಿದ ಮೇಲೆ ಹೇಳಿದರೆ ಯಾರೂ ಏನೂ ಮಾಡಲಾರರು.

ಪ್ರೆಸೆಂಟೇಶನ್ ಮೂರು ವಾರದಲ್ಲಿ ಇದೆ ಎಂದಿದ್ದೀರಿ. ಅದನ್ನು ಟರ್ಮ್ ಪೇಪರಿನ ಕೆಲಸಕ್ಕೇ ಬಳಸಿಕೊಳ್ಳಿ. ಎಲ್ಲ ಪೇಪರಿನ ಎಲ್ಲ ಚಿತ್ರವನ್ನೂ ಸ್ಲೈಡಿಗೆ ಅಂಟಿಸುವ ಬದಲು ಒಂದೇ ಒಂದು ಚಿತ್ರವನ್ನು ನೀವೇ ಬರೆಯಿರಿ. ಅಡ್ಡ ಅಕ್ಷದ ಮೇಲೆ ಕಾಲ. ಮೇಲೆ ಜಿರ್ಕಾನ್ ದಿನಾಂಕಗಳು, ಕೆಳಗೆ ಪ್ಲೇಜಿಯೊಕ್ಲೇಸ್ ದಿನಾಂಕಗಳು, ಎರಡಕ್ಕೂ ಎರರ್ ಬಾರ್, ನಡುವೆ ಅಳಿವಿನ ಗಡಿಯ ಒಂದು ಗೆರೆ. ದಿನಾಂಕಗಳು ಪೇಪರಿನ ಪೂರಕ ಕೋಷ್ಟಕಗಳಲ್ಲಿ ಇರುತ್ತವೆ. ಬರೆಯುವಾಗಲೇ ನಿಮಗೆ ಪ್ರಶ್ನೆಗಳು ಹುಟ್ಟುತ್ತವೆ. ಒಂದೇ ದಿನಾಂಕದ ಪಕ್ಕ ಎರಡು ಮೂರು ಬಗೆಯ ದೋಷಮಿತಿ ಕೊಟ್ಟಿರುತ್ತಾರೆ, ಯಾವುದನ್ನು ಬಳಸಬೇಕು? ಒಂದೇ ವಿಧಾನದ ದಿನಾಂಕಗಳನ್ನು ಪರಸ್ಪರ ಹೋಲಿಸುವಾಗ ಚಿಕ್ಕದು ನಡೆಯುತ್ತದೆ. ಬೇರೆ ಬೇರೆ ವಿಧಾನಗಳನ್ನು ಹೋಲಿಸುವಾಗ ಕ್ಷಯ ಸ್ಥಿರಾಂಕದ (ವಿಕಿರಣಶೀಲ ಧಾತು ಕ್ಷಯಿಸುವ ವೇಗದ) ಅನಿಶ್ಚಿತತೆಯೂ ಸೇರಿದ ದೊಡ್ಡದನ್ನೇ ತೆಗೆದುಕೊಳ್ಳಬೇಕು. ಈ ಒಂದು ವಿಷಯವನ್ನು ಸರಿಯಾಗಿ ಹೇಳಿದ ವಿದ್ಯಾರ್ಥಿಗೆ ಆ ದಿನ ಕೋಣೆಯಲ್ಲಿ ಗೌರವ ಬೇರೆಯೇ. ಅಪಾಯವೂ ಇದೆ. ಗ್ರಾಫ್ ಚಂದ ಮಾಡಲು ಕುಳಿತವರು ವಾರ ಕಳೆದದ್ದು ಗೊತ್ತಾಗದೆ ಕುಳಿತೇ ಇರುತ್ತಾರೆ. ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿದ ಚಿತ್ರವಾದರೂ ನಡೆಯುತ್ತದೆ, ಅಕ್ಷದ ಮೇಲೆ ಅಳತೆ ಇದ್ದರೆ ಆಯಿತು.

ನೀವು ಕೇಳಲಿಲ್ಲ, ಆದರೂ ಎಐ ಬಗ್ಗೆ ಎರಡು ಮಾತು. ಇಲ್ಲದ ಪೇಪರುಗಳನ್ನು ಇದೆ ಎಂದು ಆಕರದಲ್ಲಿ ಕೊಡುವ ಅದರ ಚಟ ಎಲ್ಲರಿಗೂ ಗೊತ್ತು. ನಿಮಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ಅದು ಸಲೀಸಾಗಿ ಮಾಡುವ ಕೆಲಸವೇ ಸಾರಾಂಶ. ನಿಮಗೆ 57 ತಂದುಕೊಟ್ಟದ್ದೂ ಅದೇ. ಭಾಷೆ ತಿದ್ದಲು ಬಳಸುವುದಾದರೆ ನಿಮ್ಮ ವಿಭಾಗದ ನಿಯಮ ಏನು ಎಂದು ಮೊದಲು ಕೇಳಿಕೊಳ್ಳಿ, ಬಳಸಿದರೆ ಬಳಸಿದೆ ಎಂದು ಬರೆಯಿರಿ. ವ್ಯಾಕರಣ, ಮಾರ್ಜಿನ್, ಆಕರ ಬರೆಯುವ ಶೈಲಿ ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೊನೆಯ ದಿನ ಒಂದು ಗಂಟೆ ಕೊಟ್ಟರೆ ಸರಿಹೋಗುವ ವಿಷಯಗಳು.

ಈಗ ನಿಮ್ಮ ಮುಂದಿರುವ ದಾರಿಗಳು. ಮರುಮೌಲ್ಯಮಾಪನ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಇದು ಕರಡು. ಅಂತಿಮ ಪೇಪರ್ ಇನ್ನೂ ಬರಬೇಕು. ಮರುಮೌಲ್ಯಮಾಪನದಲ್ಲಿ ಮಾರ್ಕ್ಸ್ ಇಳಿಯಬಾರದು ಎಂಬ ನಿಯಮ ಎಲ್ಲ ಕಡೆ ಇಲ್ಲ, ಅದನ್ನೂ ವಿಚಾರಿಸಿಕೊಳ್ಳಿ. ‘ಅವಳಿಗೆ 78, ನನಗೆ 57’ ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಕೆಡುತ್ತದೆ. ಬೇರೆ ವಿದ್ಯಾರ್ಥಿಯ ಪೇಪರ್ ಬಗ್ಗೆ ನಿಮ್ಮೊಡನೆ ಮಾತಾಡಲು ಅವರಿಗೆ ಬರುವುದಿಲ್ಲ. ಮೊತ್ತ ಕೂಡಿಸುವಾಗ ತಪ್ಪಾಗಿದ್ದರೆ, ಒಂದು ಭಾಗ ಓದದೇ ಬಿಟ್ಟಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ವಿಷಯ ಬದಲಿಸುವುದನ್ನು ನಾನು ಬೇಡ ಎನ್ನುತ್ತೇನೆ. ಆರು ವಾರದಲ್ಲಿ ಮೂರು ವಾರ ಹೊಸ ಪೇಪರುಗಳನ್ನು ಹುಡುಕುವುದರಲ್ಲೇ ಹೋಗುತ್ತದೆ. ಓದಿದ 31ರಲ್ಲಿ ಎಂಟನ್ನೋ ಒಂಬತ್ತನ್ನೋ ಇಟ್ಟುಕೊಂಡು, ಉಳಿದದ್ದನ್ನು ಬಿಡಲು ಮನಸ್ಸು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಬಿಡುವುದು ಕಷ್ಟ, ಗೊತ್ತು. ರಾತ್ರಿ ಕೂತು ಓದಿದ್ದನ್ನೆಲ್ಲ ಎಲ್ಲಾದರೂ ತೋರಿಸಬೇಕು ಎನಿಸುತ್ತದೆ. ಆದರೆ ಪ್ರಶ್ನೆ ತೀರಾ ಚಿಕ್ಕದಾದರೂ ಅಪಾಯವೇ. ಒಂದೇ ಪೇಪರಿನ ಒಂದೇ ಕೋಷ್ಟಕಕ್ಕೆ ಅಂಟಿಕೊಂಡರೆ ಆ ಪೇಪರಿನ ಲೇಖಕರ ತಿದ್ದುಪಡಿಯಂತಾಗುತ್ತದೆ. ಕನಿಷ್ಠ ಎರಡು ಸ್ವತಂತ್ರ ದತ್ತಾಂಶ ಎದುರುಬದುರು ನಿಲ್ಲುವಂಥ ಪ್ರಶ್ನೆ ಇರಲಿ.

ತೀರ್ಮಾನದಲ್ಲಿ ಧೈರ್ಯ ತೋರಿಸಲು ಹೋಗಿ ‘ಕ್ಷುದ್ರಗ್ರಹ ಸಿದ್ಧಾಂತ ಸುಳ್ಳು’ ಎಂಬಂಥ ಮಾತಿಗೆ ಮಾತ್ರ ಹೋಗಬೇಡಿ. 2010ರಲ್ಲಿ 41 ವಿಜ್ಞಾನಿಗಳು ಸೇರಿ ಚಿಕ್ಸುಲುಬ್ ಪರವಾಗಿ ಬರೆದ ವಿಮರ್ಶಾ ಪೇಪರ್ ನಿಮ್ಮ ಪಟ್ಟಿಯಲ್ಲೇ ಇರಬೇಕು. ಅದಕ್ಕೆ ಬಂದ ಪ್ರತಿಕ್ರಿಯೆಗಳೂ ಇವೆ. ಅವನ್ನು ಓದದೆ ದೊಡ್ಡ ಮಾತಾಡಿದರೆ 57 ಕೂಡ ಉಳಿಯುವುದಿಲ್ಲ.

ನಾನಾದರೆ ಇವತ್ತೇ ಮೇಷ್ಟ್ರಿಗೆ ಒಂದು ಪುಟ್ಟ ಇಮೇಲ್ ಹಾಕುತ್ತಿದ್ದೆ. ಅದರಲ್ಲಿ ಮಾರ್ಕ್ಸ್ ಎಂಬ ಪದವೇ ಇರುತ್ತಿರಲಿಲ್ಲ. ‘ಸರ್, ನಿಮ್ಮ ಟಿಪ್ಪಣಿ ನೋಡಿದೆ. ಪ್ರಶ್ನೆಯನ್ನು ಹೀಗೆ ಚಿಕ್ಕದು ಮಾಡಿದ್ದೇನೆ’ ಎಂದು ಒಂದು ವಾಕ್ಯ, ಅದರ ಕೆಳಗೆ ತಿದ್ದಿ ಬರೆದ ಒಂದೇ ಒಂದು ಪ್ಯಾರಾ, ‘ಈ ದಾರಿ ಸರಿಯಾ ಎಂದು ಹದಿನೈದು ನಿಮಿಷ ಮಾತಾಡಬಹುದಾ?’ ಎಂಬ ಪ್ರಶ್ನೆ. ಇಡೀ ಕರಡನ್ನು ಮತ್ತೆ ಕಳಿಸಿದರೆ ಯಾರೂ ಓದುವುದಿಲ್ಲ, ಒಂದು ಪ್ಯಾರಾ ಆದರೆ ಓದುತ್ತಾರೆ. ಪ್ರೆಸೆಂಟೇಶನ್‌ಗೆ ಮೊದಲೇ ಆ ಭೇಟಿ ಮುಗಿಸಿಕೊಳ್ಳಿ. ಮೇಲೆ ನಾನು ಬರೆದುಕೊಟ್ಟ ಪ್ಯಾರಾವನ್ನೇ ಕಳಿಸಬೇಡಿ. ಪ್ಲೇಜಿಯೊಕ್ಲೇಸ್ ದೋಷಮಿತಿಯ ಬಗ್ಗೆ ಅವರು ಎರಡನೇ ಪ್ರಶ್ನೆ ಕೇಳಿದಾಗ ಉತ್ತರ ನಿಮ್ಮ ಹತ್ತಿರ ಇರಬೇಕು. ಆ ಪೂರಕ ಕೋಷ್ಟಕವನ್ನು ನೀವೇ ತೆರೆದು ನೋಡಿದ್ದರೆ ಮಾತ್ರ ಇರುತ್ತದೆ.